ನಿಂತೇ ಇರಾಕಿ

ಸಂಘದ ಮೀಟಿಂಗಿಗಿ ಬಂದರ ದೇವಕೆಮ್ಮ
ಬಾಗಿಲ ಚೌಕಟ್ಟಿಗಿ ಆತು ನಿಲ್ಲಾಕಿ.
ಕುಂದರು ಅಂದರ ಮೊಣಕಾಲು ನೋವು ಅನ್ನಾಕಿ.
ಇಪ್ಪತ್ತಾರು ವರ್ಷದ ಮೊಣಕಾಲು.
ನಾನೂ ನಂಬಿದೆ. ಎರಡು ತೊಗರಿ ಸುಗ್ಗಿ ದಾಟೋತನಕ ನಂಬಿದೆ.

ನನ್ನ ಆಶಾ ರಿಜಿಸ್ಟರಿನಾಗ ಬಸುರಿಗಿ ಕಾಲಂ ಅದ,
ಲಸಿಕಿಗಿ, ಕಬ್ಬಿಣದ ಗುಳಿಗಿಗಿ, ಕೂಸಿನ ತೂಕಕ್ಕ ಅದ.
ಸತ್ತು ಹುಟ್ಟಿದ್ದಕ್ಕೂ ಒಂದು ಸಣ್ಣ ಚೌಕ.
ಅಲ್ಲಿ ಆಕಿ ಹೆಸರು, ನನಗಿಂತ ಮೊದಲಿದ್ದಾಕಿ ಬರದದ್ದು,
ಮುಂದ ಅಡ್ಡಗೆರಿ.
ಗೆರಿ ಮುಗದಿತ್ತು. ಹೆಂಗಸು ಮುಗದಿರಲಿಲ್ಲ.

ಏಪ್ರಿಲ್ ತಿಂಗಳು, ಚಿತ್ತಾಪುರದ ಬಿಸಿಲು.
ರೇಷನ್ ಕಾರ್ಡಿನ ಮಾತಿಗಿ ನಮ್ಮನಿಗಿ ಬಂದಳು.
ತಂಬಗಿ ನೀರು ಕೊಟ್ಟೆ.
ತುಟಿ ತೊಯ್ಸಿ ತಿರುಗಿ ಕೊಟ್ಟಳು.
ಅಂಥ ಬಿಸಿಲಿನಾಗ ಯಾರು ನೀರು ತಿರುಗಿ ಕೊಡ್ತಾರ?
ಆಕಿ ಹೋದ ಮ್ಯಾಲ ಫರ್ಸಿ ಮ್ಯಾಲ ಅಂಗೈಯಷ್ಟು ಹಸಿ,
ಬೇವಿನ ತಪ್ಪಲದ ವಾಸನಿ, ಅದರ ಕೆಳಗ ಇನ್ನೊಂದು ವಾಸನಿ.
ನಾ ನೋಡ್ತಾ ನಿಂತಾಗಲೇ ಕಲ್ಲು ಅದನ್ನ ಕುಡೀತು.
ಕಲ್ಲಿಗಿ ಗುಟ್ಟು ಇಡೋದು ಗೊತ್ತು.

ಬೆನ್ನು ಹತ್ತಿ ಹೋದೆ.
ದನದ ಕೊಟ್ಟಿಗಿ ಮಗ್ಗಲಿಗಿ ಆಕಿ ಹಾಸಿಗಿ.
ಮದುವಿ ಸೀರಿ ಹರದು ಹರದು ಮಾಡಿದ ಚಿಂದಿ
ಗೋಡಿ ಹಿಂದ ಒಣಗಲಾಕ ಹಾಕಿದ್ದಳು, ಅಂಚು ಇನ್ನೂ ಕೆಂಪಿತ್ತು.

"ಮೂರು ದಿನ ಬ್ಯಾನಿ ತಿಂದೆ ಅಕ್ಕಾ. ಕಾಗಿಣಾ ತುಂಬಿತ್ತು,
ಸೇತುವಿ ಮ್ಯಾಲ ನೀರು. ಗಾಡಿ ಆಚಿ ದಂಡಿಗೇ ನಿಂತಿತು.
ಕೂಸು ಹೋತು. ಅವತ್ತಿನಿಂದ ನಾ ಒಣಗೇ ಇಲ್ಲ.
ಏಳು ವರ್ಷ ಆತು. ಯಾವ ದೇವ್ರಿಗಿ ತಪ್ಪಿ ನಡದಿದ್ನೋ."

ದೇವ್ರಲ್ಲವ್ವಾ, ಸೇತುವಿ, ಅಂದೆ.
ಒಳಗ ತೂತು ಬಿದ್ದದ. ಹೊಲೀತಾರ.
"ಹೊಲೀತಾರ?"
ಕೌದಿ ಹೊಲೀತಾರ, ಚೀಲ ಹೊಲೀತಾರ. ಆಕಿ ಮಾರಿ ಹಂಗಿತ್ತು.
ಆ ಒಂದು ಮಾತು ಏಳು ವರ್ಷ
ಯಾವ ದಾರಿಯಾಗ ಕುಂತು ಬಿಟ್ಟಿತ್ತೋ!

ಒಂಬತ್ತು ಫೋನು ಮಾಡಿದೆ.
ಇಲ್ಲಿ ಅಲ್ಲ ಅಂದರು, ಅಲ್ಲಿ ಕೇಳ್ರಿ ಅಂದರು,
ಇದಕ್ಕ ನಿಮಗೇನೂ ಸಿಗಲ್ಲಲ್ರಿ ಅಂದ ಒಬ್ಬಾವ.
ಹತ್ತನೇ ಫೋನಿಗಿ ಸಿಕ್ಕ ನರ್ಸು
ಮೊದಲು ಆಕಿ ಹೆಸರು ಕೇಳಿದಳು.

ಬಸ್ಸಿನಾಗ ಸೀಟು ಖಾಲಿ ಇದ್ದವು.
ಕಂಡಕ್ಟರ್ ರೇಗಿದ: ನಿಂತರೂ ಫ್ರೀ, ಕುಂತರೂ ಫ್ರೀ, ಕುಂದರವ್ವಾ!
ಕಲಬುರಗಿತನಕ ಆಕಿ ಕಂಬ ಹಿಡಕೊಂಡು ನಿಂತಳು,
ಮಗ್ಗಲಿಗಿ ನಾನೂ.

ಎರಡು ಸಲ ತಾರೀಖು ಕೊಟ್ಟು ವಾಪಸ್ ಕಳಿಸಿದರು.
ಎರಡನೇ ಸಲ ನಾ ದವಾಖಾನಿ ಮೆಟ್ಟಲ ಮ್ಯಾಲ ಕುಂತು ಅತ್ತೆ.
ಆಕಿ ನಿಂತೇ ನನ್ನ ತಲಿ ಸವರಿದಳು.
ಮೂರನೇ ಸಲ ಮಂಚ ಸಿಕ್ಕಿತು.

ಹದಿನಾಲ್ಕು ದಿನ ನಳಿಗಿ, ಮಂಚದ ಕೆಳಗ ಚೀಲ.
ಡಾಕ್ಟರಮ್ಮ ಬಂದಾಗೆಲ್ಲ ಒಂದೇ ಮಾತು:
ನೀರು ಕುಡಿ. ಇನ್ನೂ ಕುಡಿ.
ದೇವಕೆಮ್ಮ ತಂಬಗಿ ಎತ್ತಿದಳು.
ಏಳು ಬ್ಯಾಸಗಿಯ ನೀರಡಿಕಿ ಗಂಟಲಾಗ ಇಳಿಯೋದು ಕೇಳಿಸಿತು ನನಗ,
ಗಟಗಟ, ಗದ್ದದ ಮ್ಯಾಲ ಹರದು, ಕುಪ್ಪಸ ತೊಯ್ದು.
ತೊಯ್ದದ್ದಕ್ಕ ಮೊದಲ ಸಲ ನಕ್ಕಳು.

ಈಗ ನಮ್ಮನಿ ಕಟ್ಟಿ ಮ್ಯಾಲ ಕುಂತು ತೊಗರಿ ಹಸನು ಮಾಡ್ತಾಳ.
ಕೆಮ್ಮಿದರ ಇನ್ನೂ ಒಂದೊಂದು ಹನಿ ಬೀಳ್ತದ, ಸುಳ್ಳು ಹೇಳಲ್ಲ.
ಆಕಿ ಎದ್ದಾಗ ನನ್ನ ಕಣ್ಣು, ಹಾಳಾದ್ದು, ಫರ್ಸಿಗೇ ಹೋಗ್ತದ.
"ನೋಡಕ್ಕಾ, ನೋಡು," ಅಂತ ಸೆರಗಿಲೆ ಹೊಟ್ಟು ಝಾಡಿಸ್ತಾಳ.

ನಿನ್ನಿ ಎದ್ದಾಕಿ ಹೋಗಲಿಲ್ಲ.
"ನಮ್ಮ ತವರಮನಿ ಕಡಿ ಒಬ್ಬಾಕಿ ಇದ್ದಾಳ ಅಕ್ಕಾ.
ಹಿಟ್ಟಿನ ಗಿರಣಿ ಸಾಲಿನಾಗ
ಎಲ್ಲರಕಿಂತ ಹಿಂದ, ಗೋಡಿಗಿ ಬೆನ್ನು ಹಚ್ಚಿ.
ನಾಳಿ ಬಸ್ಸು ಎಷ್ಟೊತ್ತಿಗಿ ಅದ?"